ಏಲಿಯ ಕಡೆಯಿಂದ ಒಂದು ಬಿನ್ನಹ

ಕರ್ತನೇ, ಹನ್ನ ವರ್ಷಕ್ಕೊಂದು ಸಣ್ಣ ಅಂಗಿ ಹೊಲಿದು ಶೀಲೋವಿಗೆ ಒಯ್ಯುತ್ತಿದ್ದಳೆಂದು ನಿನ್ನ ಗ್ರಂಥದಲ್ಲಿದೆ. ಹಾಲು ಬಿಡಿಸಿದ ಮಗುವನ್ನು ನಿನ್ನ ಗುಡಿಯಲ್ಲಿ ಬಿಟ್ಟುಬಂದ ತಾಯಿ ಅವಳು. ಹರಕೆ ಹೊತ್ತವಳು ಅವಳು, ಗುಡಿಯ ನೆಲದಲ್ಲಿ ಮಲಗಬೇಕಾದವನು ಸಮುವೇಲ. ಮುಂದಿನ ಸಲ ನೋಡುವ ಹೊತ್ತಿಗೆ ಹುಡುಗ ಎಷ್ಟು ಉದ್ದವಾಗಿರುತ್ತಾನೆಂದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತು? ಊರಿನಲ್ಲಿ ಅದೇ ಪ್ರಾಯದ ಯಾರದೋ ಮಗನನ್ನು ಎದುರು ನಿಲ್ಲಿಸಿ ಅಳತೆ ತೆಗೆದಳೇ? ಇರಲಿ ಎಂದು ನಾಲ್ಕು ಬೆರಳು ಹೆಚ್ಚು ಬಿಟ್ಟು ಒಳಗೆ ಮಡಚಿ ಹೊಲಿದಳೇ? ಪ್ರವಾದಿಯ ಕಥೆ ಬರೆದವರಿಗೆ ಇದೆಲ್ಲ ಮುಖ್ಯವೆನಿಸಲಿಲ್ಲ. ಮಿಷನರಿಗಳ ಮಕ್ಕಳ ಶಾಲೆಗೆ ಟೀಚರಾಗಿ ಬಂದಮೇಲೆ ನನಗೆ ಇದೇ ಮುಖ್ಯವಾಗಿಬಿಟ್ಟಿದೆ.

ಊರಿನ ಸಂಡೇಸ್ಕೂಲಿನಲ್ಲಿ ಆ ಕಥೆ ಕೇಳುವಾಗ ನಾವೆಲ್ಲರೂ ಸಮುವೇಲರೇ. ರಾತ್ರಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ, ಹುಡುಗ ದಡಬಡನೆ ಎದ್ದು ಓಡುತ್ತಾನೆ. ತಾಯಿಯ ಬಳಿಗೆ ಓಡೋಣವೆಂದರೆ ತಾಯಿ ಇರುವುದು ಬೇರೆ ಊರಿನಲ್ಲಿ. ಓಡುವುದು ಗುಡಿಯ ಯಾಜಕ ಏಲಿಯ ಬಳಿಗೆ. ಕಣ್ಣು ಮಂಜಾದ ಮುದುಕ ತಾನು ಕರೆದೇ ಇಲ್ಲವೆಂದು ಹೇಳಿ ವಾಪಸು ಮಲಗಲು ಕಳಿಸುತ್ತಾನೆ. ಎರಡು ಸಲ ಹೀಗೆ ಕಳಿಸಿ, ಮೂರನೆಯ ಸಲಕ್ಕೆ ಅವನಿಗೆ ವಿಷಯ ಹೊಳೆಯುತ್ತದೆ. ಈಗ ನಾನು ಆ ಕಥೆಯನ್ನು ಏಲಿಯ ಕಡೆಯಿಂದ ಓದುತ್ತೇನೆ. ಯಾರೋ ನಿನಗೆ ಹೊತ್ತ ಹರಕೆ, ಅವರ ಮಕ್ಕಳನ್ನು ನೋಡಿಕೊಳ್ಳುವವಳು ನಾನು. ಆದ್ದರಿಂದ ಈ ಬಿನ್ನಹ ಪ್ರವಾದಿಗಳದ್ದಲ್ಲ. ಗುಡಿಯ ಬಾಗಿಲಲ್ಲಿ ಪೀಠ ಹಾಕಿಕೊಂಡು ಕೂತ ಆ ಮುದುಕನ ಕಡೆಯವರದ್ದು.

ನಿನಗೆ ಗೊತ್ತಿಲ್ಲದ್ದಿಲ್ಲ, ಆದರೂ ಅರ್ಜಿಯಲ್ಲಿ ವಿಳಾಸ ಬರೆಯುವುದು ವಾಡಿಕೆ. ಥಾಯ್ಲೆಂಡಿನ ಉತ್ತರಕ್ಕೆ, ದೊಯ್ ಸುತೇಪ್ ಬೆಟ್ಟದ ಬುಡಕ್ಕೆ ಚಿಯಾಂಗ್ ಮಾಯ್. ಅಲ್ಲಿ ಇಂಗ್ಲಿಷಿನಲ್ಲಿ ಪಾಠ ನಡೆಯುವ ಒಂದು ಕ್ರೈಸ್ತ ಶಾಲೆ. ನಾನು ಉಡುಪಿಯ ಕಡೆಯವಳು, ಇತಿಹಾಸದ ಟೀಚರು. ತೊಂಬತ್ತು ದಿನಕ್ಕೊಮ್ಮೆ ಇಮಿಗ್ರೇಷನ್ನಿನವರಿಗೆ ನಾನಿನ್ನೂ ಇದೇ ವಿಳಾಸದಲ್ಲಿದ್ದೇನೆಂದು ವರದಿ ಒಪ್ಪಿಸುವವಳು. ಮಕ್ಕಳು ಅಮೆರಿಕದವರು, ಕೊರಿಯಾದವರು, ಆಸ್ಟ್ರೇಲಿಯಾದವರು, ಫಿಲಿಪ್ಪೀನ್ಸಿನವರು. ಅವರ ತಂದೆತಾಯಂದಿರು ಮಿಷನರಿಗಳು. ಲಾಹು, ಲಿಸು, ಕರೆನ್ ಹಳ್ಳಿಗಳಲ್ಲಿ ಸತ್ಯವೇದವನ್ನು ಅನುವಾದ ಮಾಡುವವರು, ಗಡಿಯ ನಿರಾಶ್ರಿತರ ಶಿಬಿರಗಳಲ್ಲಿ ಔಷಧಿ ಕೊಡುವವರು, ಬಾವಿ ತೋಡಿಸುವವರು. 2021ರ ಫೆಬ್ರವರಿ 1ರಂದು ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಹಿಡಿದಮೇಲೆ ಯಾಂಗೋನಿನ ಮನೆಯನ್ನು ಇದ್ದ ಹಾಗೇ ಬಿಟ್ಟುಬಂದವರ ಮಕ್ಕಳೂ ಇದ್ದಾರೆ. ಆರು ವರ್ಷಕ್ಕೇ ಹಾಸ್ಟೆಲಿಗೆ ಸೇರಿಸುವ ಹಳೆಯ ಪದ್ಧತಿ ಈಗ ಹೆಚ್ಚಿನ ಕಡೆ ನಿಂತಿದೆ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಪೇಟೆಯಲ್ಲಿರುತ್ತಾಳೆ, ತಂದೆ ವಾರಗಟ್ಟಲೆ ಬೆಟ್ಟದಲ್ಲಿ. ಹೈಸ್ಕೂಲಿಗೆ ಬಂದವರಲ್ಲಿ ಕೆಲವರು ಹಾಸ್ಟೆಲಿನಲ್ಲಿ, 'ಡಾರ್ಮ್ ಪೇರೆಂಟ್ಸ್' ಎನ್ನಿಸಿಕೊಂಡ ದಂಪತಿಯ ಕೈಕೆಳಗೆ.

ನನ್ನ ಜೊತೆಯ ಟೀಚರುಗಳಲ್ಲಿ ಬಹಳ ಮಂದಿಗೆ ಸಂಬಳವೆಂಬುದೇ ಇಲ್ಲ. ಊರಿನ ಸಭೆಗಳೂ ನೆಂಟರಿಷ್ಟರೂ ತಿಂಗಳಿಗಿಷ್ಟೆಂದು ಕಳಿಸುವ 'ಸಪೋರ್ಟ್' ಹಣದಲ್ಲಿ ಅವರ ಸಂಸಾರ ನಡೆಯುತ್ತದೆ. ಅಲ್ಲಿ ಕಾರ್ಖಾನೆ ಮುಚ್ಚಿದರೆ ಇಲ್ಲಿ ಗಣಿತದ ಮೇಷ್ಟ್ರ ಮನೆಬಾಡಿಗೆ ನಿಲ್ಲುತ್ತದೆ. ಅವರಿಗಾಗಿ ಪ್ರತ್ಯೇಕ ಬೇಡಿಕೊಳ್ಳಬೇಕಿಲ್ಲ, ಅವರೇ ದಿನವೂ ನಿನ್ನ ಹತ್ತಿರ ಲೆಕ್ಕ ಮಾತಾಡುತ್ತಿರುತ್ತಾರೆ.

ಫೆಬ್ರವರಿ ಬಂತೆಂದರೆ ಸುತ್ತಲಿನ ಹೊಲಕ್ಕೂ ಕಾಡಿಗೂ ಬೆಂಕಿ ಬೀಳುತ್ತದೆ. ಹೊಗೆ ಕಣಿವೆಯಲ್ಲಿ ಕೂತರೆ ಏಪ್ರಿಲ್ ತನಕ ಏಳುವುದಿಲ್ಲ. ಎದುರಿಗಿನ ಬೆಟ್ಟ ವಾರಗಟ್ಟಲೆ ಕಾಣಿಸುವುದಿಲ್ಲ, ಲೋಕದಲ್ಲೇ ಅತಿ ಕೆಟ್ಟ ಗಾಳಿಯ ಊರುಗಳ ಪಟ್ಟಿಯಲ್ಲಿ ನಮ್ಮದು ತುದಿಗೇರುವ ದಿನಗಳಿರುತ್ತವೆ. ಫುಟ್ಬಾಲ್ ಬಂದ್. ಕಿಟಕಿ ಮುಚ್ಚಿ, ಗಾಳಿ ಸೋಸುವ ಯಂತ್ರದ ಗುಂಯ್ ಸದ್ದಿನಲ್ಲಿ ಪಾಠ. ಆಡಲು ಬಿಡದ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಅಂಥದೊಂದು ಮಾರ್ಚಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹೇಳಿದ್ದನ್ನು ನಿನ್ನ ಮುಂದೆ ಇಡುತ್ತಿದ್ದೇನೆ: "ದೇವರು ಕರೆದದ್ದು ಅಪ್ಪನನ್ನ, ಮಿಸ್. ನನ್ನನ್ನು ಕರೆದದ್ದು ಅಮ್ಮ, ಪೆಟ್ಟಿಗೆ ಕಟ್ಟು ಅಂತ." ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಅದು ನಿನಗೆ ಸಲ್ಲಬೇಕಾದ ಪ್ರಶ್ನೆ. ನಡುವೆ ನಿಂತವಳು ಉತ್ತರ ಕೊಡುವುದು ಅಧಿಕಪ್ರಸಂಗವಾಗುತ್ತದೆಂದು ಸುಮ್ಮನಿದ್ದೆ.

ಇತಿಹಾಸದವಳಾದ್ದರಿಂದ ನನಗೆ ನಮ್ಮಂಥ ಶಾಲೆಗಳ ವಂಶಾವಳಿ ಗೊತ್ತು. 1865ರಲ್ಲಿ ಚೈನಾ ಇನ್‌ಲ್ಯಾಂಡ್ ಮಿಷನ್ ಕಟ್ಟಿದ ಹಡ್ಸನ್ ಟೇಲರ್, ತನ್ನ ಮಿಷನರಿಗಳ ಮಕ್ಕಳಿಗಾಗಿ 1881ರಲ್ಲಿ ಶಾಂಡೋಂಗಿನ ಕಡಲತೀರದಲ್ಲಿ ಚೀಫೂ ಶಾಲೆಯನ್ನು ತೆರೆದ. ಇಂದು ಆ ಊರು ಯಾಂಟಾಯ್. ಅಲ್ಲಿಗೆ ಹೋದದ್ದು ಯಾವ ದಾರಿಯಲ್ಲಿ? ಎರಡನೆಯ ಅಫೀಮು ಯುದ್ಧದ ನಡುವೆ 1858ರಲ್ಲಿ ಚೀನಾದಿಂದ ಬರೆಸಿಕೊಂಡ ಟಿಯಾಂಜಿನ್ ಒಪ್ಪಂದದ ದಾರಿಯಲ್ಲಿ. ಬಂದರುಗಳು ವ್ಯಾಪಾರಕ್ಕೆ ತೆರೆದದ್ದೂ, ನಿನ್ನ ಸುವಾರ್ತೆಯವರಿಗೆ ಒಳನಾಡಿಗೆ ಹೋಗಲು ಹಕ್ಕು ಸಿಕ್ಕಿದ್ದೂ ಒಂದೇ ಕಾಗದದಲ್ಲಿ. ಆ ಅಫೀಮು ಬೆಳೆದದ್ದು ನಮ್ಮ ಬಿಹಾರದ, ಮಾಳವದ ಹೊಲಗಳಲ್ಲಿ. ಮಾಳವದ ಪೆಟ್ಟಿಗೆಗಳು ಹಡಗು ಹತ್ತಿದ್ದು ಮುಂಬಯಿಯಲ್ಲಿ. ಟೇಲರನ ಜನ ಅಫೀಮಿನ ವ್ಯಾಪಾರವನ್ನು ಗಟ್ಟಿಯಾಗಿ ವಿರೋಧಿಸಿದರು, ಅದನ್ನು ನಾನು ತರಗತಿಯಲ್ಲಿ ಬಿಡದೆ ಹೇಳುತ್ತೇನೆ. ಆದರೆ ಫಿರಂಗಿ ತೆರೆದ ಬಾಗಿಲಿನಿಂದಲೇ ಅವರೂ ಒಳಗೆ ಹೋದದ್ದೆಂಬುದನ್ನೂ ಬಿಡದೆ ಹೇಳುತ್ತೇನೆ. ಇದನ್ನು ಹೇಳಿದರೆ ಮಕ್ಕಳ ನಂಬಿಕೆ ಸಡಿಲವಾಗುತ್ತದೆಂದು ಒಬ್ಬ ತಂದೆ ದೂರು ಬರೆದರು. ನಿಜ ಕೇಳಿ ಸಡಿಲವಾಗುವ ನಂಬಿಕೆ ನಿನಗೆ ಬೇಕೇ ಎಂದು ಕೇಳೋಣವೆನಿಸಿತ್ತು. ನೀನೇ ಅವರಿಗೆ ಹೇಳು.

ಚೀಫೂವಿನ ಕಥೆಯ ಎರಡನೆಯ ಭಾಗ ಇನ್ನೂ ಕಠಿಣ. 1942ರ ನವೆಂಬರಿನಲ್ಲಿ ಜಪಾನೀ ಸೈನ್ಯ ಶಾಲೆಯನ್ನು ಖಾಲಿ ಮಾಡಿಸಿ ಮಕ್ಕಳನ್ನೂ ಟೀಚರುಗಳನ್ನೂ ಸೆರೆಯಲ್ಲಿಟ್ಟಿತು. ಮರುವರ್ಷ ಸೆಪ್ಟೆಂಬರಿನಲ್ಲಿ ವೈಷಿಯನ್ ಶಿಬಿರಕ್ಕೆ ಸಾಗಿಸಿತು. ಸುಮಾರು 1,500 ಮಂದಿ ಒಂದು ಹಳೆಯ ಮಿಷನ್ ಆವರಣದೊಳಗೆ. ಮಕ್ಕಳ ತಂದೆತಾಯಿ ಯುದ್ಧದ ಗೆರೆಯ ಆಚೆ. ಹಡ್ಸನ್ ಟೇಲರನದೇ ಮರಿಮೊಮ್ಮಕ್ಕಳು ನಾಲ್ವರು ಅಲ್ಲಿದ್ದರು. ಐದು ವರ್ಷಕ್ಕೂ ಹೆಚ್ಚು ಕಾಲ ಅವರು ಅಪ್ಪ-ಅಮ್ಮನ ಮುಖ ನೋಡಲಿಲ್ಲ. ಅಲ್ಲಿ ಟೀಚರುಗಳು ಮಾಡಿದ್ದೇನು? ಪಾಠ ನಿಲ್ಲಿಸಲಿಲ್ಲ, ಪರೀಕ್ಷೆ ನಿಲ್ಲಿಸಲಿಲ್ಲ. ತಗಡಿನ ಡಬ್ಬಿಯಲ್ಲಿ ಉಣ್ಣುವಾಗಲೂ ಬೆನ್ನು ನೆಟ್ಟಗಿರಲಿ, ಬಾಯಿ ಮುಚ್ಚಿ ಅಗಿಯಿರಿ ಎಂದರು. ಮೂಳೆಗೆ ಸುಣ್ಣದಂಶ ಬೇಕೆಂದು ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಚಮಚದಲ್ಲಿ ತಿನ್ನಿಸಿದರು. ಹಾಸ್ಟೆಲಿನ ಡೈನಿಂಗ್ ಹಾಲಿನಲ್ಲಿ ತರಕಾರಿ ಬಿಡುವ ಹುಡುಗರನ್ನು ಗದರುವಾಗ ನನಗೆ ಆ ಹೆಂಗಸರ ನೆನಪಾಗುತ್ತದೆ. ಅವರಲ್ಲಿ ಬಹಳ ಮಂದಿಯ ಹೆಸರು ಯಾವ ಪಠ್ಯದಲ್ಲೂ ಇಲ್ಲ.

ಹೆಸರು ಉಳಿದವನು ಎರಿಕ್ ಲಿಡೆಲ್. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾನುವಾರ ಓಡಲಾರೆನೆಂದು ನೂರು ಮೀಟರ್ ಬಿಟ್ಟು, ನಾನೂರು ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದವನು. 'ಚಾರಿಯಟ್ಸ್ ಆಫ್ ಫೈರ್' ಸಿನೆಮಾ ಅಲ್ಲಿಗೆ ನಿಲ್ಲುತ್ತದೆ. ನಮ್ಮ ಶಾಲೆಗಳಲ್ಲಿ ಅದನ್ನು ವರ್ಷವೂ ತೋರಿಸುತ್ತಾರೆ, ಮಕ್ಕಳು ವರ್ಷವೂ ಅರ್ಧಕ್ಕೇ ನಿದ್ದೆ ಹೋಗುತ್ತಾರೆ. ನನಗೆ ಬೇಕಾದ ಲಿಡೆಲ್ ಸಿನೆಮಾದ ಹೊರಗಿದ್ದಾನೆ. ಅವನೂ ಮಿಷನರಿಯ ಮಗನೇ. 1902ರಲ್ಲಿ ಟಿಯಾಂಜಿನ್ನಿನಲ್ಲಿ ಹುಟ್ಟಿ, ಆರರ ಪ್ರಾಯದಲ್ಲಿ ಲಂಡನ್ನಿನಲ್ಲಿ ಮಿಷನರಿಗಳ ಗಂಡುಮಕ್ಕಳಿಗೆಂದೇ ಇದ್ದ ವಸತಿಶಾಲೆಗೆ ಸೇರಿಸಲ್ಪಟ್ಟವನು. ದೊಡ್ಡವನಾಗಿ ಚೀನಾಕ್ಕೆ ಮರಳಿ ಟೀಚರಾದ. 1941ರಲ್ಲಿ ಅಪಾಯ ಹತ್ತಿರವಾದಾಗ ಬಸುರಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಹಡಗು ಹತ್ತಿಸಿ ತಾನು ಉಳಿದ. ಮೂರನೆಯ ಮಗಳ ಮುಖವನ್ನು ಅವನು ನೋಡಲೇ ಇಲ್ಲ. ಶಿಬಿರದಲ್ಲಿ, ಲ್ಯಾಬ್ ಇಲ್ಲದ ಕಡೆ, ಉಪಕರಣಗಳ ಚಿತ್ರ ಬರೆದು ರಸಾಯನಶಾಸ್ತ್ರ ಕಲಿಸಿದ. ಅಪ್ಪಂದಿರಿಲ್ಲದ ಆ ಹುಡುಗರಿಗೆ ಎರಿಕ್ ಅಂಕಲ್ ಆದ. ಭಾನುವಾರ ಅಂಪೈರ್ ಇಲ್ಲದೆ ಆಡಿದ ಮಕ್ಕಳ ಹಾಕಿ ಹೊಡೆದಾಟಕ್ಕೆ ತಿರುಗಿದಾಗ, ಒಲಿಂಪಿಕ್ಸಿನಲ್ಲೂ ಭಾನುವಾರ ಓಡದವನು ಸೀಟಿ ಹಿಡಿದು ಮೈದಾನಕ್ಕಿಳಿದ. 1945ರ ಫೆಬ್ರವರಿ 21ರಂದು, ನಲವತ್ತಮೂರರ ಪ್ರಾಯದಲ್ಲಿ, ಮಿದುಳಿನ ಗಡ್ಡೆಯಿಂದ ಅಲ್ಲೇ ತೀರಿಕೊಂಡ. ಆಗಸ್ಟ್ 17ರಂದು ಏಳು ಮಂದಿಯ ಅಮೆರಿಕನ್ ತಂಡವೊಂದು ಪ್ಯಾರಾಚೂಟಿನಲ್ಲಿ ಇಳಿದು ಶಿಬಿರವನ್ನು ಬಿಡಿಸಿತು.

ಪ್ಯಾರಿಸ್ಸಿನಲ್ಲಿ ಓಡದೆ ನಿಂತ ಭಾನುವಾರಕ್ಕಿಂತ ವೈಷಿಯನ್ನಿನಲ್ಲಿ ಸೀಟಿ ಊದಿದ ಭಾನುವಾರ ನಿನಗೆ ಹೆಚ್ಚು ಪ್ರಿಯವೆಂದು ನನ್ನ ಅಂದಾಜು. ಮೊದಲನೆಯದರಲ್ಲಿ ಅವನು ತನ್ನ ನಿಯಮವನ್ನು ಉಳಿಸಿಕೊಂಡ, ಎರಡನೆಯದರಲ್ಲಿ ಮಕ್ಕಳನ್ನು. ನಿಯಮಗಳ ಕೈಪಿಡಿ ದಪ್ಪವಾಗಿರುವ ಶಾಲೆಯಲ್ಲಿ ನಾನಿದ್ದೇನೆ, ಕರ್ತನೇ. ಚಡ್ಡಿಯ ಉದ್ದಕ್ಕೂ ಅದರಲ್ಲಿ ಒಂದು ಪುಟವಿದೆ. ಯಾವ ಭಾನುವಾರ ಯಾವುದನ್ನು ಉಳಿಸಬೇಕೆಂಬ ವಿವೇಕವನ್ನು ನಮ್ಮ ಸ್ಟಾಫ್ ರೂಮಿಗೆ ಕೊಡು.

ಇನ್ನು ನಮ್ಮ ಕರಾವಳಿಯ ಮಾತು. ಬಾಸೆಲ್ ಮಿಷನ್ನಿನವರು ನಮಗೆ ಶಾಲೆ, ಹೆಂಚು, ನೇಯ್ಗೆ, ಅಚ್ಚುಕೂಟ, ಕಿಟ್ಟೆಲರ ನಿಘಂಟು ಕೊಟ್ಟರೆಂದು ನಾವು ಶತಮಾನೋತ್ಸವಗಳಲ್ಲಿ ಹೇಳುತ್ತೇವೆ. ಅವರು ಏನು ಬಿಟ್ಟರೆಂದು ಹೇಳುವುದಿಲ್ಲ. 1853ರಲ್ಲಿ ಬಾಸೆಲಿನ ಸಮಿತಿ ಒಂದು ನಿಯಮ ಮಾಡಿತು: ಹೊರದೇಶದ ಮಿಷನರಿಗಳ ಮಕ್ಕಳು ಶಾಲೆಯ ಪ್ರಾಯಕ್ಕೆ ಬಂದೊಡನೆ ಯುರೋಪಿಗೆ ಹೋಗಬೇಕು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆ ಎದ್ದಿತು. ಮಂಗಳೂರಿನಿಂದಲೂ ಧಾರವಾಡದಿಂದಲೂ ಆರೇಳು ವರ್ಷದವರು ಹೊರಟರು. ಆಯಾ ಕಲಿಸಿದ ತುಳುವನ್ನೋ ಕನ್ನಡವನ್ನೋ ಹಡಗಿನಲ್ಲೇ ಮರೆಯುತ್ತ ಹೋದರೇನೋ. ಕೆಲವರು ಮತ್ತೆ ತಾಯಿಯನ್ನು ಕಾಣುವ ಹೊತ್ತಿಗೆ ತಾಯಿಯೇ ಅಪರಿಚಿತಳಾಗಿದ್ದಳು. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಆ ನಿಯಮಕ್ಕೂ ಮುಂಚೆಯೇ, ತೀರ ಎಳೆಯ ಪ್ರಾಯದಲ್ಲೇ, ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ಅವರನ್ನು ಮತ್ತೆ ಸೇರುವಾಗ ಅವಳು ಹದಿಹರೆಯದವಳು. ಮುಂದೆ ಅವಳು ಮದುವೆಯಾದ ಯೋಹಾನ್ನೆಸ್ ಹೆಸ್ಸೆ ಮಂಗಳೂರಿನಲ್ಲಿ ಸೇವೆ ಮಾಡಿ ಆರೋಗ್ಯ ಕೆಟ್ಟು ಹಿಂದಿರುಗಿದವನು. ಅವರ ಮಗ ಹರ್ಮನ್, 1892ರಲ್ಲಿ, ಮೌಲ್‌ಬ್ರಾನ್ ಎಂಬಲ್ಲಿನ ದೇವಶಾಸ್ತ್ರದ ವಸತಿಶಾಲೆಯಿಂದ ಓಡಿಹೋದ. 'ಸಿದ್ಧಾರ್ಥ' ಬರೆದವನು ಅವನೇ. ಅಪ್ಪನ ಮನೆ ಬಿಟ್ಟು ಹೊರಡುವ ಹುಡುಗನ ಕಥೆ ಅದು. ತಾಯಿಗಾದದ್ದಕ್ಕೂ ಮಗ ಬರೆದದ್ದಕ್ಕೂ ಗಂಟು ಹಾಕಲು ನಾನು ಹೋಗುವುದಿಲ್ಲ. ವಿಮರ್ಶಕರು ಹಾಕಿಕೊಳ್ಳಲಿ.

ನನ್ನ ಮುತ್ತಜ್ಜಿ ಮೂಲ್ಕಿಯಲ್ಲಿ ಮಿಷನ್ನಿನವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಅನಾಥಾಲಯದಲ್ಲಿ ಬೆಳೆದವಳು. ಅವಳಿಗೆ ತಲೆ ಬಾಚಿ, ಅಕ್ಷರ ತಿದ್ದಿಸಿ, ಕಸೂತಿ ಕಲಿಸಿದ ಜರ್ಮನ್ ದೊರೆಸಾನಿಯ ಸ್ವಂತ ಮಕ್ಕಳು ಬಾಸೆಲಿನಲ್ಲಿದ್ದರಂತೆ. ತಿಂಗಳಿಗೊಮ್ಮೆ ಟಪಾಲು ಬಂದ ದಿನ ದೊರೆಸಾನಿ ಯಾರಿಗೂ ಬೈಯುತ್ತಿರಲಿಲ್ಲವೆಂಬುದು ನಮ್ಮ ಮನೆಯಲ್ಲಿ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ಮಾತು. ಎಲ್ಲೋ ಒಂದು ಮಗು ಕಳೆದುಕೊಂಡ ತಾಯ್ತನ ನಮ್ಮ ಮನೆತನಕ್ಕೆ ಸಿಕ್ಕಿತು. ನಾವು ಕೇಳಿ ಪಡೆದದ್ದಲ್ಲ, ಆ ಮಗು ಒಪ್ಪಿ ಕೊಟ್ಟದ್ದೂ ಅಲ್ಲ. ಈಗ ಮೂರನೆಯ ದೇಶವೊಂದರಲ್ಲಿ ಕೂತು ಮಿಷನರಿಗಳ ಮಕ್ಕಳ ಪ್ರಬಂಧ ತಿದ್ದುತ್ತ ನಾನು ಆ ಬಾಕಿಯನ್ನು ತೀರಿಸುತ್ತಿದ್ದೇನೆಂದು ಹೇಳಿದರೆ ಜಂಬವಾದೀತು. ಸಂಬಳ ಪಡೆದು ತೀರಿಸುವ ಬಾಕಿ ಎಂಥದ್ದು? ಬಡ್ಡಿಯ ಲೆಕ್ಕಕ್ಕಾದರೂ ಸಾಲದು. ಆದರೂ ಬಾಕಿ ಇದೆಯೆಂಬುದನ್ನು ನಿನ್ನ ಮುಂದೆ ಒಪ್ಪುತ್ತೇನೆ.

ಈಗ ಬಿನ್ನಹದ ಕಷ್ಟದ ಭಾಗ. ಏಲಿಯನ್ನು ನೀನು ಶಿಕ್ಷಿಸಿದ್ದು ಕಣ್ಣು ಮಂಜಾದ್ದಕ್ಕಲ್ಲ. ಗುಡಿಯಲ್ಲಿ ತನ್ನ ಮಕ್ಕಳು ಮಾಡುತ್ತಿದ್ದ ಅನಾಚಾರ ಗೊತ್ತಿದ್ದೂ ತಡೆಯದ್ದಕ್ಕೆ. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಮಾಮೂ ಎಂಬಲ್ಲಿ ಕ್ರಿಶ್ಚಿಯನ್ ಆಂಡ್ ಮಿಷನರಿ ಅಲಯನ್ಸ್ 1971ರ ತನಕ ಮಿಷನರಿಗಳ ಮಕ್ಕಳಿಗಾಗಿ ವಸತಿಶಾಲೆ ನಡೆಸಿತು. ಅಲ್ಲಿ ಮಕ್ಕಳ ಮೇಲೆ ದೈಹಿಕ, ಮಾನಸಿಕ, ಲೈಂಗಿಕ ದೌರ್ಜನ್ಯ ನಡೆದಿತ್ತೆಂದು ಸಂಸ್ಥೆಯೇ ನೇಮಿಸಿದ ಸ್ವತಂತ್ರ ಆಯೋಗ 1998ರಲ್ಲಿ ವರದಿ ಕೊಟ್ಟಿತು. ಅಷ್ಟು ಹೊತ್ತಿಗೆ ಆ ಮಕ್ಕಳು ನಡುವಯಸ್ಸು ದಾಟುತ್ತಿದ್ದರು. ಸೆನೆಗಲ್ಲಿನ ಫಂಡಾದಲ್ಲಿ ನ್ಯೂ ಟ್ರೈಬ್ಸ್ ಮಿಷನ್ ನಡೆಸಿದ ಶಾಲೆಯ ಬಗ್ಗೆ ಅಂಥದೇ ವರದಿ 2010ರಲ್ಲಿ ಬಂತು. ಹೊಡೆತಕ್ಕಿಂತ ನನ್ನನ್ನು ಕಲಕಿದ್ದು ಮೌನದ ವಿವರ. ಮಾಮೂವಿನಲ್ಲಿ ಮನೆಗೆ ಬರೆದ ಕಾಗದಗಳನ್ನು ದೊಡ್ಡವರು ಓದಿಯೇ ಕಳಿಸುತ್ತಿದ್ದರು. ನೀನು ದೂರು ಹೇಳಿದರೆ ಅಪ್ಪ-ಅಮ್ಮ ಕೆಲಸ ಬಿಟ್ಟು ಬರಬೇಕಾಗುತ್ತದೆ, ಆಮೇಲೆ ಆಫ್ರಿಕಾದ ಆ ಜನಕ್ಕೆ ಯೇಸುವಿನ ಸುದ್ದಿ ಹೇಳುವವರು ಯಾರು ಎಂಬ ಭಾರವನ್ನು ಎಂಟು ವರ್ಷದವರ ಹೆಗಲಿಗೆ ಹಾಕಲಾಗಿತ್ತು. ಅಂದರೆ ಮಗುವಿನ ಬಾಯಿಗೆ ಬೀಗ ಹಾಕಲು ಬಳಸಿದ ಕೀಲಿ ನಿನ್ನ ಹೆಸರು.

ಇಂದು ನಮ್ಮಲ್ಲಿ ಬಾಗಿಲುಗಳಿಗೆ ಗಾಜಿನ ಕಿಂಡಿ ಇದೆ. ದೊಡ್ಡವರೊಬ್ಬರು ಮಗುವೊಂದರ ಜೊತೆ ಮುಚ್ಚಿದ ಕೋಣೆಯಲ್ಲಿ ಇರುವಂತಿಲ್ಲ. ಪ್ರತಿ ಆಗಸ್ಟಿನಲ್ಲಿ ತರಬೇತಿ, ರುಜು, ಪೊಲೀಸ್ ದಾಖಲೆ. ಕೆಲವರು ಗೊಣಗುತ್ತಾರೆ, ನಮ್ಮ ಮೇಲೆ ಇಷ್ಟೂ ನಂಬಿಕೆ ಇಲ್ಲವೇ ಎಂದು. ನಂಬಿಕೆ ಇಡಬೇಕಾದ್ದು ನಿನ್ನಲ್ಲಿ, ನಮ್ಮಲ್ಲಲ್ಲ. ಗಾಜಿನ ಕಿಂಡಿ ಇರಲಿ.

ಆದರೆ ಕಿಂಡಿ ಕಾಣಿಸದ್ದು ಇನ್ನೊಂದಿದೆ. ದೇವರ ಕೆಲಸಕ್ಕೆ ಬಂದ ಮನೆಯ ಮಗು ಅಳಬಾರದು, ಬೇಸರವೆನ್ನಬಾರದು ಎಂಬ ನಯವಾದ ಒತ್ತಾಯ. ಸಪೋರ್ಟಿನ ಪತ್ರಕ್ಕೆ ಫೋಟೋ ತೆಗೆಯುವಾಗ ನಗಬೇಕು. ಊರಿಗೆ ರಜೆಗೆ ಹೋದಾಗ ಸಭೆಯ ಮುಂದೆ ನಿಂತು ಥಾಯ್ ಭಾಷೆಯಲ್ಲಿ ಒಂದು ವಾಕ್ಯ ಹೇಳಬೇಕು, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಖುಷಿಯೇ ಎಂದು ಕೇಳಿದರೆ ಹೌದೆನ್ನಬೇಕು. ಹೌದೆಂದು ಹೇಳುವುದರಲ್ಲಿ ಅವರು ಎಷ್ಟು ಪಳಗಿದ್ದಾರೆಂದರೆ ಕೆಲವರಿಗೆ ತಮಗೇ ನಿಜ ಗೊತ್ತಿರುವುದಿಲ್ಲ. 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ಇಂಥವರಿಗೆ 'ಮೂರನೆಯ ಸಂಸ್ಕೃತಿಯ ಮಕ್ಕಳು' ಎಂದು ಹೆಸರಿಟ್ಟಳು. ಅದು ಒಳ್ಳೆಯ ಹೆಸರೇ. ಈಗ ಅದರ ಮೇಲೆ ಸೆಮಿನಾರುಗಳು ನಡೆಯುತ್ತವೆ, ಮಕ್ಕಳೂ ಕಾಲೇಜಿನ ಅರ್ಜಿಯಲ್ಲಿ ಅದನ್ನು ಚಂದವಾಗಿ ಬರೆಯುತ್ತಾರೆ. ಹೆಸರು ಸಿಕ್ಕಿದ ಕೂಡಲೇ ನೋವು ವಾಸಿಯಾಯಿತೆಂದು ನಾವು ದೊಡ್ಡವರು ತಿಳಿಯದಂತೆ ಮಾಡು.

ಏಲಿಯ ಬಗ್ಗೆ ಒಳ್ಳೆಯದೊಂದನ್ನು ಹೇಳಲು ಇಷ್ಟು ಹೊತ್ತು ಕಾದಿದ್ದೆ. ಅವತ್ತು ರಾತ್ರಿ ನೀನು ಸಮುವೇಲನಿಗೆ ಹೇಳಿದ ಮೊದಲ ಮಾತೇ ಏಲಿಯ ಮನೆಗೆ ಬರಲಿರುವ ಕೇಡಿನ ಮಾತು. ಬೆಳಗಾಯಿತು, ಹುಡುಗ ಎದ್ದು ಗುಡಿಯ ಬಾಗಿಲು ತೆರೆದ. ಮುದುಕನಿಗೆ ಹೇಳಲು ಹೆದರಿದ. ಮೌನವಾಗಿರಲು ಅವನಿಗೆ ಕಾರಣಗಳಿದ್ದವು: ಊಟ ಹಾಕುವವನು ಅವನೇ, ತಾಯಿ ದೂರ. ಏಲಿಯೇ ಅವನನ್ನು ಕರೆದು ಕೂರಿಸಿ, ಒಂದಿಷ್ಟೂ ಮುಚ್ಚಿಡಬಾರದೆಂದು ಆಣೆಯಿಟ್ಟು ಕೇಳಿದ. ತನ್ನ ವಿರುದ್ಧದ ಮಾತನ್ನು ಮಗುವಿನ ಬಾಯಿಂದ ಪೂರ್ತಿ ಹೇಳಿಸಿಕೊಂಡ. ಕೇಳಿ ಬೈಯಲಿಲ್ಲ, ಹೊಡೆಯಲಿಲ್ಲ, ಕಾಗದ ಹರಿಯಲಿಲ್ಲ. ಸಂಡೇಸ್ಕೂಲಿನಲ್ಲಿ ನಮಗೆ ಕಥೆ ಅಲ್ಲಿತನಕ ಹೇಳಲಿಲ್ಲ, ರಾತ್ರಿಯ ಕರೆಗೇ ಮುಗಿಸಿಬಿಟ್ಟರು. ಬೆಳಗಿನ ಆ ಏಲಿ ನನಗೆ ಬೇಕು, ಕರ್ತನೇ. ಎಲ್ಲ ತಪ್ಪುಗಳ ನಡುವೆಯೂ ಅಷ್ಟನ್ನು ಮಾಡಿದವನು. ನನ್ನ ವಿರುದ್ಧ, ನನ್ನ ಶಾಲೆಯ ವಿರುದ್ಧ, ತನ್ನ ತಂದೆತಾಯಿಯ ವಿರುದ್ಧ, ಬೇಕಾದರೆ ನಿನ್ನ ವಿರುದ್ಧವೂ ಮಗು ಆಡಬೇಕೆಂದಿರುವ ಮಾತನ್ನು ಕೊನೆಯ ತನಕ ಕೇಳುವ ಕಿವಿ ಕೊಡು. ಕೇಳಿದಮೇಲೆ ಒಂದು ವಾಕ್ಯ ಹೇಳಿ ಮುಚ್ಚಿಬಿಡುವ ಚಪಲವನ್ನು ನನ್ನ ನಾಲಿಗೆಯಿಂದ ತೆಗೆ.

ಬೆಳಗ್ಗೆ ಗೇಟು ತೆರೆಯುವವರನ್ನೂ ನೆನೆಯಬೇಕು. ಪಾಕಿಸ್ತಾನದ ಬೆಟ್ಟಗಳಲ್ಲಿದ್ದ ಮರ್ರಿ ಕ್ರಿಶ್ಚಿಯನ್ ಸ್ಕೂಲಿಗೆ 2002ರ ಆಗಸ್ಟ್ 5ರಂದು ಬಂದೂಕುಧಾರಿಗಳು ನುಗ್ಗಿದರು. ಮಕ್ಕಳಲ್ಲಿ ಒಬ್ಬರೂ ಸಾಯಲಿಲ್ಲ. ಸತ್ತ ಆರು ಮಂದಿಯೂ ಪಾಕಿಸ್ತಾನದವರು, ಅವರಲ್ಲಿ ಶಾಲೆಯ ಕಾವಲುಗಾರರೂ ಕೆಲಸಗಾರರೂ ಇದ್ದರು. ಆಮೇಲೆ ಆ ಶಾಲೆ ಕೆಲಕಾಲ ನಡೆದದ್ದು ಇದೇ ಚಿಯಾಂಗ್ ಮಾಯ್‌ನಲ್ಲಿ. ಈ ಊರಿನಲ್ಲೇ 1869ರಲ್ಲಿ ನಿನ್ನ ಹೆಸರಿಗಾಗಿ ಕೊಲ್ಲಲ್ಪಟ್ಟ ಮೊದಲ ಇಬ್ಬರು, ನಾನ್ ಚಾಯ್ ಮತ್ತು ನೋಯ್ ಸುನ್ಯಾ, ಇಲ್ಲಿಯವರೇ. ಅವರಿಗೆ ಸುವಾರ್ತೆ ತಂದ ಮೆಕ್‌ಗಿಲ್ವರಿ ಬದುಕುಳಿದು ಇನ್ನೂ ನಾಲ್ಕು ದಶಕ ಸೇವೆ ಮಾಡಿದ. ಬೆಲೆ ತೆತ್ತವರ ಪಟ್ಟಿಯನ್ನು ಮೇಲಿನಿಂದ ಓದಿದರೆ ಒಂದು ಬಗೆ, ಕೆಳಗಿನಿಂದ ಓದಿದರೆ ಇನ್ನೊಂದು. ನಮ್ಮ ಅಡುಗೆಮನೆಯ, ಗೇಟಿನ, ತೋಟದ ಥಾಯ್ ಮತ್ತು ಶಾನ್ ಕೆಲಸದವರ ಸಂಬಳ ಹೆಚ್ಚಿಸುವ ವಿಷಯ ಆಡಳಿತ ಮಂಡಳಿಯ ಅಜೆಂಡಾದಲ್ಲಿ ಪ್ರಾರ್ಥನೆಯ ನಂತರ, ಈಜುಕೊಳದ ನಂತರ ಬರುತ್ತದೆ. ಕ್ರಮವನ್ನು ನೀನು ತಿದ್ದಿದರೆ ಒಳ್ಳೆಯದು.

ಒಂದು ಸಂತೋಷದ ವಿಷಯವನ್ನೂ ಹೇಳಿಬಿಡುತ್ತೇನೆ, ಬರೀ ದೂರೇ ಆಯಿತು. ಇಲ್ಲಿನ ಕಾನೂನಿನಂತೆ ಅಂತಾರಾಷ್ಟ್ರೀಯ ಶಾಲೆಗಳಲ್ಲೂ ಥಾಯ್ ಭಾಷೆ, ಸಂಸ್ಕೃತಿ ಕಲಿಸಲೇಬೇಕು. ಥಾಯ್ ಶಾಲೆಗಳಲ್ಲಿ ಪ್ರತಿ ವರ್ಷ 'ವಾಯ್ ಖ್ರೂ' ಎಂಬ ಗುರುವಂದನೆಯ ದಿನವಿದೆ, ಸಾಮಾನ್ಯವಾಗಿ ಗುರುವಾರ. ಮಕ್ಕಳು ತಟ್ಟೆಯಲ್ಲಿ ಮೂರು ಸಾಮಾನು ತರುತ್ತಾರೆ: ಗರಿಕೆ, ಕೇಪಳದ ಹೂ, ಬದನೆಯ ಹೂ. ಗರಿಕೆ ತುಳಿದರೂ ಚಿಗುರುತ್ತದೆ, ಕೇಪಳದ ಮೊಗ್ಗು ಸೂಜಿಯ ಹಾಗೆ ಚೂಪು, ಬದನೆಯ ಹೂ ತಲೆ ತಗ್ಗಿಸಿರುತ್ತದೆ. ವಿದ್ಯಾರ್ಥಿಯೂ ಹಾಗಿರಲಿ ಎಂದು. ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟೆ. ನಮ್ಮ ಹಿತ್ತಿಲಿನದೇ ಮೂರು ಗಿಡ, ಮೂರಕ್ಕೂ ಕಾಸು ಕೊಟ್ಟವರಿಲ್ಲ. ನಮ್ಮ ಶಾಲೆಯಲ್ಲಿ ಇದನ್ನು ಮಾಡಬಹುದೇ, ಮೊಣಕಾಲೂರಿ ಟೀಚರಿಗೆ ನಮಿಸಿದರೆ ವಿಗ್ರಹಾರಾಧನೆಯಾದೀತೇ ಎಂದು ಸ್ಟಾಫ್ ಮೀಟಿಂಗಿನಲ್ಲಿ ಗಂಟೆಗಟ್ಟಲೆ ಚರ್ಚೆಯಾಯಿತು. ಟೀಚರುಗಳನ್ನು ದೇವರೆಂದು ತಪ್ಪು ತಿಳಿಯುವ ಹದಿಹರೆಯದವರು ಈ ಭೂಮಿಯ ಮೇಲೆ ಎಲ್ಲೂ ಇಲ್ಲವೆಂದು ನಾನು ವಾದಿಸಿದೆ. ಕೊನೆಗೆ ತಲೆಬಾಗಿ ಕೈಮುಗಿಯಬಹುದು, ಮೊಣಕಾಲೂರುವುದು ಬೇಡ ಎಂದಾಯಿತು. ಬದನೆಯ ಹೂವಿಗೆ ಯಾರೂ ಆಕ್ಷೇಪ ಮಾಡಲಿಲ್ಲ.

ಕೊನೆಯ ಬೇಡಿಕೆಗೆ ಬಂದೆ. ಊರು ಬದಲಿಸುವುದು ನಮ್ಮಂಥ ಶಾಲೆಗಳ ಹಣೆಬರಹ. 1929ರಲ್ಲಿ ವಿಯೆಟ್ನಾಮಿನ ದಲಾತ್‌ನಲ್ಲಿ ಹುಟ್ಟಿದ ಶಾಲೆ ಯುದ್ಧದಿಂದಾಗಿ 1965ರಲ್ಲಿ ಬ್ಯಾಂಕಾಕಿಗೆ, ಆಮೇಲೆ ಮಲೇಷ್ಯಾದ ಬೆಟ್ಟಗಳಿಗೆ, ಅಲ್ಲಿಂದ ಪೆನಾಂಗಿನ ಕಡಲಬದಿಗೆ ಬಂತು, ಹೆಸರು ಮಾತ್ರ ಇಂದಿಗೂ ದಲಾತ್. ಕಟ್ಟಡ ಹೋದರೂ ಮಕ್ಕಳು ತಡೆದುಕೊಳ್ಳುತ್ತಾರೆ. ತಡೆಯಲಾಗದ್ದು ಪ್ರತಿ ಜೂನಿನಲ್ಲಿ ಅರ್ಧ ಸ್ಟಾಫ್ ರೂಮು ಖಾಲಿಯಾಗುವುದು. ಎರಡು ವರ್ಷದ ಕರಾರು, ಒಂದು ಸಾಹಸ, ಆನೆಗಳ ಜೊತೆ ನಾಲ್ಕು ಫೋಟೋ, ಕಣ್ಣೀರಿನ ಚಾಪೆಲು, ವಿಮಾನ. ಬರುವವರು ಒಳ್ಳೆಯವರೇ, ನಿನ್ನನ್ನು ಪ್ರೀತಿಸುವವರೇ. ಆದರೆ ಹೊಸ ಟೀಚರಿನ ಹೆಸರನ್ನು ಕ್ರಿಸ್ಮಸ್ ತನಕ ಕಲಿಯದ ಮಕ್ಕಳು ನಮ್ಮಲ್ಲಿದ್ದಾರೆ. ಅದು ಮರೆವಲ್ಲ, ಉಳಿತಾಯ. ನೀವೆಷ್ಟು ವರ್ಷ ಇರುತ್ತೀರಿ ಎಂದು ಮೊದಲ ದಿನವೇ ಕೇಳುವ ಆರನೆಯ ತರಗತಿಯವನಿಗೆ ಎರಡು ಎಂದರೆ, ಸರಿ ಎಂದು ತಲೆಯಾಡಿಸಿ ಹಿಂದಿನ ಬೆಂಚಿಗೆ ಹೋಗುತ್ತಾನೆ. ಸಮುವೇಲನಿಗೆ ಎರಡೆರಡು ವರ್ಷಕ್ಕೊಬ್ಬ ಏಲಿ ಬದಲಾಗಿದ್ದರೆ ರಾತ್ರಿ ಕರೆ ಬಂದಾಗ ಅವನು ಯಾರ ಬಳಿಗೆ ಓಡಬೇಕಿತ್ತು?

ಆದ್ದರಿಂದ, ಸ್ವಾಮೀ, ಸಾಹಸಕ್ಕೆ ಬರುವವರನ್ನು ಬೇರೆಲ್ಲಾದರೂ ಬಳಸಿಕೋ. ನಮಗೆ ನಿಲ್ಲುವವರು ಬೇಕು. ಪಾಠ ಚೆನ್ನಾಗಿ ಬರುವವರು, ಐದಾರು ವರ್ಷ ಇರುವವರು, ಮಕ್ಕಳು ನಿನ್ನ ಮೇಲೆ ಸಿಟ್ಟಾದರೆ ಗಾಬರಿಯಾಗದವರು. ಅವರು ಕಾನ್ಸಾಸಿನವರೇ ಆಗಬೇಕೆಂದಿಲ್ಲ. ಮಂಗಳೂರಿನಲ್ಲೋ ಧಾರವಾಡದಲ್ಲೋ ಇದನ್ನು ಓದುತ್ತಿರುವವರಿದ್ದರೆ ಅವರೂ ಆದೀತು. ಬರುವ ಮುಂಚೆ ಅವರು ಶಾಲೆಯವರನ್ನು ಎರಡು ಮಾತು ಕೇಳಲಿ: ಮಗುವಿಗೆ ದೂರಿದ್ದರೆ ಶಾಲೆಯ ಹೊರಗಿನವರಲ್ಲಿ ಯಾರಿಗೆ ಹೇಳಬೇಕು? ಗೇಟಿನಲ್ಲಿ ನಿಂತವನಿಗೆ ಎಷ್ಟು ಸಂಬಳ? ಎರಡಕ್ಕೂ ನೇರ ಉತ್ತರ ಸಿಕ್ಕದಿದ್ದರೆ ಬರುವುದು ಬೇಡ.

ಆಗಸ್ಟಿಗೆ ನಮಗೆ ಫಿಸಿಕ್ಸ್ ಟೀಚರ್ ಇನ್ನೂ ಸಿಕ್ಕಿಲ್ಲ. ಆಮೆನ್.